ನಿಮ್ಮದೇ ರಕ್ತದಿಂದ ಒಸಡು, ಮೂಳೆ ಮತ್ತೆ ಬೆಳೆಯುತ್ತವೆಯೇ?

ಪ್ಲೇಟ್‌ಲೆಟ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡೆಂಗಿ ಜ್ವರ. ಮಳೆಗಾಲ ಬಂತೆಂದರೆ ‘ಎಷ್ಟಿದೆ, ಎಷ್ಟಕ್ಕೆ ಇಳಿಯಿತು’ ಎಂಬ ಲೆಕ್ಕ ಮನೆಮನೆಯಲ್ಲೂ ಕೇಳಿಸುತ್ತದೆ. ಅದೇ ಪ್ಲೇಟ್‌ಲೆಟ್ ಈಗ ಹಲ್ಲಿನ ಡಾಕ್ಟರ ಬಾಯಲ್ಲೂ ಬರತೊಡಗಿದೆ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಓದುಗರೊಬ್ಬರು ನಮಗೆ ಕಳಿಸಿದ ಪ್ರಶ್ನೆ ಇದು:

“ನಮ್ಮ ತಂದೆಯವರಿಗೆ ಐವತ್ತೆಂಟು ವರ್ಷ. ಕೆಳಗಿನ ಒಂದು ದವಡೆ ಹಲ್ಲು ಅಲ್ಲಾಡುತ್ತಿದೆ, ಒಸಡಿನಲ್ಲಿ ರಕ್ತ, ಕೀವು ಬರುತ್ತದೆ. ಕೀಳಿಸಿಬಿಡೋಣ ಅಂತ ಹೋದರೆ, ಕೀಳುವುದು ಬೇಡ, ಇವರದೇ ರಕ್ತ ತೆಗೆದು ಮೆಷಿನ್‌ನಲ್ಲಿ ತಿರುಗಿಸಿ ಒಸಡಿನೊಳಗೆ ಇಡುತ್ತೇವೆ, ಕರಗಿದ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ ಎಂದರು. ಸಾವಿರಾರು ರೂಪಾಯಿ ಆಗುತ್ತದಂತೆ. ಇದು ನಿಜವಾ, ಇಲ್ಲ ಹಲ್ಲು ಬಿಟ್ಟು ದುಡ್ಡು ಕೀಳುವ ಉಪಾಯವಾ?”

ಚಿಕಿತ್ಸೆ ನಿಜವಾದದ್ದೇ. ಇದರ ಬಗ್ಗೆ ಜಗತ್ತಿನಲ್ಲಿ ನಡೆದ ಗಮನಾರ್ಹ ಪ್ರಯೋಗಗಳಲ್ಲಿ ಕೆಲವು ನಮ್ಮ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೇ ನಡೆದಿವೆ. ಆದರೆ ಅದು ಯಾವ ಹಲ್ಲಿಗೆ, ಯಾವ ಬಾಯಿಗೆ ಕೆಲಸ ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ದುಡ್ಡು ಕೊಡಬೇಕೋ ಬೇಡವೋ ಎಂಬುದು ನಿಂತಿರುವುದು ಅದರ ಮೇಲೆ.

ರಕ್ತ ಹೆಪ್ಪುಗಟ್ಟಿದಾಗ ಒಳಗೆ ನಡೆಯುವುದೇನು?

ನಮ್ಮ ಪಠ್ಯಪುಸ್ತಕಗಳಲ್ಲಿ ಪ್ಲೇಟ್‌ಲೆಟ್‌ಗೆ ಕಿರುತಟ್ಟೆ ಎಂಬ ಚಂದದ ಹೆಸರಿದೆ. ಮಾತಿನಲ್ಲಿ ಮಾತ್ರ ಬಹಳ ಜನ ಅದನ್ನು ‘ಬಿಳಿ ರಕ್ತಕಣ’ ಎನ್ನುತ್ತಾರೆ. ಅದು ತಪ್ಪು, ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಹೋರಾಡುವ ಬೇರೆ ಕಣಗಳು. ಕಿರುತಟ್ಟೆ ಪೂರ್ತಿ ಜೀವಕೋಶವೂ ಅಲ್ಲ, ಮೂಳೆಮಜ್ಜೆಯಲ್ಲಿರುವ ಒಂದು ದೊಡ್ಡ ಕೋಶದಿಂದ ಉದುರಿದ ಚೂರು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ಒಂದೊಂದರ ಆಯುಸ್ಸು ಏಳರಿಂದ ಹತ್ತು ದಿನ.

ಗಾಯವಾದಾಗ ಇವು ಓಡಿಬಂದು ಒಡೆದ ರಕ್ತನಾಳಕ್ಕೆ ಅಂಟಿಕೊಳ್ಳುತ್ತವೆ. ಜೊತೆಗೆ ರಕ್ತದ್ರವದಲ್ಲಿ ಕರಗಿದ್ದ ಒಂದು ಪ್ರೋಟೀನು ಫೈಬ್ರಿನ್ ಎಂಬ ಎಳೆಯಾಗಿ ಬಲೆ ಹೆಣೆಯುತ್ತದೆ. ಬಲೆಯಲ್ಲಿ ಕಣಗಳು ಸಿಕ್ಕಿಬಿದ್ದು ಹೆಪ್ಪಾಗುತ್ತದೆ, ರಕ್ತ ನಿಲ್ಲುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಕಿರುತಟ್ಟೆಗಳಿಗೆ ಇನ್ನೊಂದು ಕೆಲಸವೂ ಇದೆಯೆಂದು ವಿಜ್ಞಾನಿಗಳಿಗೆ ತಿಳಿದದ್ದು ತಡವಾಗಿ. ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು 1974ರಲ್ಲಿ ಒಂದು ವಿಚಿತ್ರ ಗಮನಿಸಿದರು. ಹೆಪ್ಪುಗಟ್ಟಿದ ರಕ್ತದಿಂದ ತೆಗೆದ ದ್ರವದಲ್ಲಿ ಇಟ್ಟ ಜೀವಕೋಶಗಳು ಚೆನ್ನಾಗಿ ಬೆಳೆಯುತ್ತಿದ್ದವು, ಹೆಪ್ಪುಗಟ್ಟುವ ಮೊದಲೇ ಕಣಗಳನ್ನು ಬೇರ್ಪಡಿಸಿ ತೆಗೆದ ದ್ರವದಲ್ಲಿ ಬೆಳೆಯುತ್ತಿರಲಿಲ್ಲ. ವ್ಯತ್ಯಾಸಕ್ಕೆ ಕಾರಣ ಕಿರುತಟ್ಟೆಗಳು. ಹೆಪ್ಪುಗಟ್ಟುವಾಗ ಅವು ತಮ್ಮ ಒಡಲಲ್ಲಿ ಕಟ್ಟಿಟ್ಟುಕೊಂಡ ಪ್ರೋಟೀನುಗಳನ್ನು ಹೊರಗೆ ಸುರಿಯುತ್ತವೆ. ‘ಇಲ್ಲಿ ಗಾಯವಾಗಿದೆ, ಬನ್ನಿ, ಬೆಳೆಯಿರಿ, ಹೊಸ ರಕ್ತನಾಳ ಕಟ್ಟಿ’ ಎಂದು ಸುತ್ತಲಿನ ಕೋಶಗಳಿಗೆ ಕಳಿಸುವ ಓಲೆಗಳು ಇವು. ಇವಕ್ಕೆ ಬೆಳವಣಿಗೆಯ ಅಂಶಗಳು, ಗ್ರೋತ್ ಫ್ಯಾಕ್ಟರ್‌ಗಳು ಎಂದು ಹೆಸರು.

ಅಂದಮೇಲೆ ಹೆಪ್ಪು ಎಂಬುದು ಬರೀ ಬಿರಡೆಯಲ್ಲ, ರಿಪೇರಿಯ ಮೊದಲ ಹೆಜ್ಜೆ. ಹಲ್ಲು ಕೀಳಿಸಿಕೊಂಡು ಬಂದವರು ‘ಕೆಟ್ಟ ರಕ್ತ ಹೋಗಲಿ’ ಎಂದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯುತ್ತಲೇ ಇರುವುದನ್ನು ನಾವು ನೋಡಿದ್ದೇವೆ. ಆ ಗುಳಿಯಲ್ಲಿ ಕೆಟ್ಟ ರಕ್ತ ಎಂಬುದೇನೂ ಇಲ್ಲ. ಉಗಿದು ಹೋಗುವುದು ಮೂಳೆಯ ಮೇಲಿನ ಹೊದಿಕೆ. ಅದು ಕಿತ್ತುಬಂದರೆ ಎರಡು ಮೂರು ದಿನಕ್ಕೆ ಗುಳಿ ಬರಿದಾಗಿ, ಕಿವಿಯವರೆಗೂ ಸೆಳೆಯುವ ನೋವು ಶುರುವಾಗುತ್ತದೆ. ಡಾಕ್ಟರುಗಳು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಆಮೇಲೆ ‘ಹಲ್ಲು ಕಿತ್ತ ಡಾಕ್ಟರ ಕೈ ಸರಿಯಿಲ್ಲ’ ಎಂಬ ಮಾತು ಬೇರೆ. ಮೊದಲ ಇಪ್ಪತ್ನಾಲ್ಕು ಗಂಟೆ ಉಗಿಯಬೇಡಿ, ಜೋರಾಗಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ ಎಂದು ಹೇಳುವುದು ಈ ಹೆಪ್ಪನ್ನು ಉಳಿಸಿಕೊಳ್ಳಲಿಕ್ಕೆ.

ಡಾಕ್ಟರ್ ಹೇಳುತ್ತಿರುವ ಪ್ಲೇಟ್‌ಲೆಟ್ ಚಿಕಿತ್ಸೆ ಇದೇ ಹೆಪ್ಪಿನ ಸಾಂದ್ರ ರೂಪ. ಅದರಲ್ಲಿ ಮಾಯವಾಗಲಿ ಮಂತ್ರವಾಗಲಿ ಇಲ್ಲ. ‘ಸ್ಟೆಮ್ ಸೆಲ್’ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ. ಇದರಿಂದ ಹೊಸ ಹಲ್ಲು ಹುಟ್ಟುವುದೂ ಇಲ್ಲ.

ಕೊಳವೆಯಲ್ಲಿ ಹೆಪ್ಪು ಹಾಕುವ ಬಗೆ

ಡೈರಿಯಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಭಸವಾಗಿ ತಿರುಗಿಸಿದಾಗ ಭಾರದ ಭಾಗ ಒಂದು ಕಡೆ, ಹಗುರದ ಭಾಗ ಇನ್ನೊಂದು ಕಡೆ ಸರಿಯುತ್ತದೆ. ರಕ್ತಕ್ಕೆ ಬಳಸುವ ಇಂಥ ಯಂತ್ರವೇ ಸೆಂಟ್ರಿಫ್ಯೂಜ್.

ಮೊದಲು ಬಂದದ್ದು ಪಿಆರ್‌ಪಿ. ಕಿರುತಟ್ಟೆ ಹೆಚ್ಚಿರುವ ರಕ್ತದ್ರವ ಎಂದು ಅರ್ಥ. 1998ರಲ್ಲಿ ಅಮೆರಿಕದ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ ದವಡೆಯ ಮೂಳೆ ಕಸಿಯಲ್ಲಿ ಇದನ್ನು ಬಳಸಿದ ವರದಿ ಪ್ರಕಟಿಸಿದ ಮೇಲೆ ದಂತವೈದ್ಯರ ಗಮನ ಇತ್ತ ತಿರುಗಿತು. ಆದರೆ ಅದರ ಕೆಲಸ ಸ್ವಲ್ಪ ಉದ್ದ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇರಿಸಬೇಕು, ಸಾಮಾನ್ಯವಾಗಿ ಎರಡು ಸಲ ತಿರುಗಿಸಬೇಕು, ಕೊನೆಗೆ ಮತ್ತೆ ಹೆಪ್ಪುಗಟ್ಟಿಸಲು ಥ್ರಾಂಬಿನ್, ಕ್ಯಾಲ್ಸಿಯಂ ಹಾಕಬೇಕು. ಶುರುವಿನಲ್ಲಿ ಬಳಸುತ್ತಿದ್ದ ಥ್ರಾಂಬಿನ್ ದನದ ರಕ್ತದಿಂದ ತೆಗೆದದ್ದು.

2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಈ ಗೋಜಲನ್ನು ಒಂದೇ ಏಟಿಗೆ ಬಿಡಿಸಿದರು. ಅವರು ದಂತವೈದ್ಯರಲ್ಲ, ಅರಿವಳಿಕೆ ತಜ್ಞರು. ಹೆಪ್ಪುಗಟ್ಟದಂತೆ ತಡೆದು ಮತ್ತೆ ಹೆಪ್ಪುಗಟ್ಟಿಸುವುದೇಕೆ, ರಕ್ತ ತೆಗೆದ ತಕ್ಷಣ ಏನನ್ನೂ ಸೇರಿಸದೆ ತಿರುಗಿಸಿಬಿಟ್ಟರೆ ತಿರುಗುತ್ತಿರುವಾಗಲೇ ತಾನಾಗಿ ಹೆಪ್ಪಾಗುತ್ತದಲ್ಲ, ಎಂಬುದು ಅವರ ಲೆಕ್ಕ. ಹೀಗೆ ಸಿಗುವುದೇ ಪಿಆರ್‌ಎಫ್, ಕಿರುತಟ್ಟೆಗಳು ತುಂಬಿದ ಫೈಬ್ರಿನ್. ಇವತ್ತು ಹಲ್ಲಿನ ಕ್ಲಿನಿಕ್‌ಗಳಲ್ಲಿ ‘ನಿಮ್ಮ ರಕ್ತ ತೆಗೆದು ಇಡುತ್ತೇವೆ’ ಎಂದರೆ ಬಹುತೇಕ ಇದೇ.

ತೋಳಿನಿಂದ ಹತ್ತು ಮಿಲಿಲೀಟರ್‌ನ ಒಂದೆರಡು ಕೊಳವೆ ರಕ್ತ ತೆಗೆಯುತ್ತಾರೆ, ಬೇಕಾದರೆ ನಾಲ್ಕು. ರಕ್ತದಾನಕ್ಕೆ ತೆಗೆಯುವುದು 350 ಮಿಲಿಲೀಟರ್; ಅದರ ಮುಂದೆ ಇದು ಏನೂ ಅಲ್ಲ. ಇದರಿಂದ ನಿಶ್ಶಕ್ತಿ ಬರುತ್ತದೆ, ಪ್ಲೇಟ್‌ಲೆಟ್ ಇಳಿದುಬಿಡುತ್ತದೆ ಎಂದು ಹೆದರಬೇಕಾಗಿಲ್ಲ. ಕೊಳವೆ ತುಂಬಿದ ಒಂದೆರಡು ನಿಮಿಷದೊಳಗೆ ಯಂತ್ರಕ್ಕೆ ಹಾಕಬೇಕು. ಮೂಲ ವಿಧಾನದಲ್ಲಿ ನಿಮಿಷಕ್ಕೆ ಸುಮಾರು 2700 ಸುತ್ತು, ಹನ್ನೆರಡು ನಿಮಿಷ. ಹೊರಗೆ ತೆಗೆದಾಗ ತಳದಲ್ಲಿ ಕೆಂಪು ಕಣ, ಮೇಲೆ ತಿಳಿಯಾದ ದ್ರವ, ನಡುವೆ ಗಿಣ್ಣಿನ ತುಂಡಿನ ಹಾಗೆ ತಿಳಿಹಳದಿಯ ಹೆಪ್ಪು. ಅದನ್ನು ಚಿಮುಟದಿಂದ ಎತ್ತಿ, ಕೆಂಪು ಭಾಗ ಕತ್ತರಿಸಿ, ಮೆಲ್ಲಗೆ ಒತ್ತಿ ತೆಳು ಪೊರೆ ಮಾಡಿಕೊಳ್ಳುತ್ತಾರೆ. ಕಿರುತಟ್ಟೆಗಳು ಹೆಚ್ಚಾಗಿ ಸೇರಿರುವುದು ಕೆಂಪು ಮತ್ತು ಹಳದಿ ಕೂಡುವ ಗಡಿಯಲ್ಲಿ. ಹಾಗಾಗಿ ಬಲ್ಲವರು ಕತ್ತರಿಸುವಾಗ ಕೆಂಪಿನ ಒಂಚೂರು ಅಂಚನ್ನು ಬಿಟ್ಟೇ ಕತ್ತರಿಸುತ್ತಾರೆ.

ಕೇಳಲು ಸರಳ. ಎಡವುವ ಜಾಗಗಳೂ ಇಲ್ಲೇ ಇವೆ. ರಕ್ತ ತೆಗೆದಿಟ್ಟು ಐದು ನಿಮಿಷ ಫೋನಿನಲ್ಲಿ ಮಾತಾಡಿ ಬಂದರೆ ರಕ್ತ ಆಗಲೇ ಅಡ್ಡಾದಿಡ್ಡಿ ಹೆಪ್ಪುಗಟ್ಟಿರುತ್ತದೆ, ಪದರ ಬೇರೆಯಾಗುವುದಿಲ್ಲ. ಒಂದು ಯಂತ್ರದ 2700 ಸುತ್ತು ಇನ್ನೊಂದು ಯಂತ್ರದ 2700 ಸುತ್ತಿಗೆ ಸಮವೂ ಅಲ್ಲ, ಏಕೆಂದರೆ ಕೊಳವೆ ಕೂರುವ ಚಕ್ರದ ಅಗಲ ಬದಲಾದರೆ ರಕ್ತದ ಮೇಲೆ ಬೀಳುವ ಬಲ ಬದಲಾಗುತ್ತದೆ. ಇನ್ನು ಕೊಳವೆ. ಲ್ಯಾಬಿನಲ್ಲಿ ರಕ್ತಪರೀಕ್ಷೆಗೆ ಬಳಸುವ ಕೆಲವು ಪ್ಲಾಸ್ಟಿಕ್ ಕೊಳವೆಗಳ ಒಳಗೆ ಬೇಗ ಹೆಪ್ಪುಗಟ್ಟಲೆಂದು ಸಿಲಿಕಾ ಪುಡಿ ಲೇಪಿಸಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎಸೆಯುವ ರಕ್ತಕ್ಕೆ ಅದು ಸರಿ. ಮತ್ತೆ ದೇಹದೊಳಗೆ ಇಡುವ ಹೆಪ್ಪಿನಲ್ಲಿ ಆ ಪುಡಿ ಸೇರಿಕೊಳ್ಳುತ್ತದೆ, ಅದು ಬೇಡ. ಈ ಕೆಲಸಕ್ಕೆಂದೇ ಇರುವ ಕ್ರಿಮಿರಹಿತ ಕೊಳವೆ ಬೇಕು. ‘ಯಾವ ಕೊಳವೆ ಬಳಸುತ್ತೀರಿ’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಗೊತ್ತಿರುವ ಡಾಕ್ಟರಿಗೆ ಆ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ.

ತೆಂಗಿನ ಬುಡದ ಲೆಕ್ಕ

ಈಗ ಮುಖ್ಯ ಮಾತಿಗೆ ಬರೋಣ. ಹಲ್ಲು ಅಲ್ಲಾಡುವುದೇಕೆ? ಹಲ್ಲು ಮತ್ತು ಒಸಡಿನ ಸಂದಿಯಲ್ಲಿ ದಿನವೂ ಕೂರುವ ಪಾಚಿಯನ್ನು ತೆಗೆಯದೆ ಬಿಟ್ಟರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಮೇಲಿನ ಬ್ಯಾಕ್ಟೀರಿಯಾಗಳಿಗೆ ದೇಹ ಉತ್ತರಿಸುವ ಗಲಾಟೆಯಲ್ಲಿ ಒಸಡು ಬಾತು, ಹಲ್ಲನ್ನು ಬಿಟ್ಟು ಸರಿದು, ಸಂದಿ ಆಳವಾಗುತ್ತಾ ಹೋಗುತ್ತದೆ. ಮೂರು ಮಿಲಿಮೀಟರ್‌ವರೆಗಿನ ಸಂದಿ ಆರೋಗ್ಯದ ಲಕ್ಷಣ. ಆರು, ಏಳು ಎಂದಾದರೆ ಕೆಳಗಿನ ಮೂಳೆ ಕರಗಿದೆ ಎಂದೇ ಅರ್ಥ.

ಮೂಳೆ ಕರಗುವುದರಲ್ಲಿ ಎರಡು ಬಗೆ ಇದೆ. ಕಡೂರು, ತರೀಕೆರೆ ಕಡೆಯವರಿಗೆ ತೆಂಗಿನ ತೋಟದ ಮಾತಿನಲ್ಲೇ ಹೇಳಬಹುದು. ಒಂದು ಮರದ ಬುಡದ ಪಕ್ಕ ಗುಂಡಿಯಾಗಿದೆ, ಮೂರು ಕಡೆ ಮಣ್ಣಿನ ದಂಡೆ ಗಟ್ಟಿಯಾಗಿದೆ, ನಾಲ್ಕನೇ ಕಡೆ ಬೇರು. ಅಲ್ಲಿಗೆ ಮಣ್ಣು, ಗೊಬ್ಬರ ಹಾಕಿದರೆ ನಿಲ್ಲುತ್ತದೆ, ಬೇರು ಹಿಡಿದುಕೊಳ್ಳುತ್ತದೆ. ಇನ್ನೊಂದು ತೋಟದಲ್ಲಿ ಬದು ಒಡೆದು ಮಳೆನೀರು ಇಡೀ ನೆಲದ ಮೇಲ್ಮಣ್ಣನ್ನೇ ಕೊಚ್ಚಿಕೊಂಡು ಹೋಗಿದೆ, ಎಲ್ಲ ಮರಗಳ ಬೇರೂ ಮೇಲೆ ಕಾಣುತ್ತಿವೆ. ಅಲ್ಲಿ ಒಂದು ಮರದ ಬುಡಕ್ಕೆ ಎಷ್ಟು ಬುಟ್ಟಿ ಮಣ್ಣು ಹಾಕಿದರೂ ಹಿಡಿದು ನಿಲ್ಲಿಸಲು ದಂಡೆಯೇ ಇಲ್ಲ.

ಪಿಆರ್‌ಎಫ್ ಕೆಲಸ ಮಾಡುವುದು ಮೊದಲನೆಯ ತರಹದ ಗುಂಡಿಯಲ್ಲಿ. ಎರಡನೆಯದರಲ್ಲಿ, ಅಂದರೆ ಮೂಳೆ ಸಮತಟ್ಟಾಗಿ ಇಳಿದುಹೋಗಿರುವ ಬಾಯಲ್ಲಿ, ಯಾವ ಹೆಪ್ಪೂ ಹಳೆಯ ಮಟ್ಟಕ್ಕೆ ಮೂಳೆ ಎಬ್ಬಿಸುವುದಿಲ್ಲ. ಎಕ್ಸ್‌ರೇ ನೋಡಿದರೆ ಯಾವ ಬಗೆ ಎಂದು ಡಾಕ್ಟರಿಗೆ ಬಹುಮಟ್ಟಿಗೆ ತಿಳಿಯುತ್ತದೆ. ತಂದೆಯವರ ಹಲ್ಲಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಬೆಂಗಳೂರಿನಲ್ಲಿ ಸಿಕ್ಕ ಲೆಕ್ಕ

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಒಸಡು ವಿಭಾಗದ ಎ. ಆರ್. ಪ್ರದೀಪ್ ಮತ್ತು ಅವರ ಸಹೋದ್ಯೋಗಿಗಳು ಇಂಥದ್ದೇ ಮೂರು ಗೋಡೆಯ ಗುಂಡಿಗಳನ್ನು ಆರಿಸಿಕೊಂಡು ಸಾಲುಸಾಲು ಪ್ರಯೋಗ ಮಾಡಿದರು. 2012ರಲ್ಲಿ ಪ್ರಕಟವಾದ ಒಂದರಲ್ಲಿ 90 ಗುಂಡಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಒಸಡು ಬಿಡಿಸಿ ಶುಚಿ ಮಾಡುವ ಮಾಮೂಲಿ ಶಸ್ತ್ರಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಪಿಆರ್‌ಎಫ್, ಮತ್ತೊಂದಕ್ಕೆ ಪಿಆರ್‌ಪಿ. ಒಂಬತ್ತು ತಿಂಗಳ ನಂತರ ಎಕ್ಸ್‌ರೇಯಲ್ಲಿ ನೋಡಿದಾಗ ಪಿಆರ್‌ಎಫ್, ಪಿಆರ್‌ಪಿ ಎರಡರಲ್ಲೂ ಗುಂಡಿಯ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 55ರಷ್ಟು ತುಂಬಿತ್ತು. ಬರೀ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ತುಂಬಿದ್ದು ಶೇ 2ಕ್ಕಿಂತ ಕಡಿಮೆ. ಎರಡೂ ಹೆಪ್ಪುಗಳ ಫಲ ಒಂದೇ ಆದ್ದರಿಂದ, ಮಾಡಲು ಸುಲಭವಾದ ಪಿಆರ್‌ಎಫ್ ವಾಸಿ ಎಂದು ಅವರು ತೀರ್ಮಾನಿಸಿದರು.

ಶೇ 55 ಎಲ್ಲಿ, ಶೇ 2 ಎಲ್ಲಿ! ಕ್ಲಿನಿಕ್‌ಗಳ ಜಾಹೀರಾತಿಗೆ ಇಷ್ಟು ಸಾಕು. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನೂ ಓದಬೇಕು. ಒಸಡಿನ ಸಂದಿಯ ಆಳ ಪಿಆರ್‌ಎಫ್ ಗುಂಪಿನಲ್ಲಿ 3.77 ಮಿಲಿಮೀಟರ್ ಕಡಿಮೆಯಾಯಿತು, ಬರೀ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 2.97. ಅಂದರೆ ಶುಚಿ ಮಾಡುವ ಕೆಲಸದಿಂದಲೇ ಸಂದಿ ಮೂರು ಮಿಲಿಮೀಟರ್ ಇಳಿದಿತ್ತು, ರಕ್ತದ ಹೆಪ್ಪು ಅದಕ್ಕೆ ಸೇರಿಸಿದ್ದು ಮುಕ್ಕಾಲು ಮಿಲಿಮೀಟರ್‌ನ ಆಸುಪಾಸು. ಕಡಿಮೆಯೇನಲ್ಲ; ಉಳಿಯುವುದೋ ಉದುರುವುದೋ ಎಂಬ ಅಂಚಿನಲ್ಲಿರುವ ಹಲ್ಲಿಗೆ ಅಷ್ಟೂ ಬೆಲೆಯುಳ್ಳದ್ದೇ. ಆದರೂ ಹೆಚ್ಚಿನ ಭಾರ ಹೊತ್ತದ್ದು ಹಳೆಯ ವಿಧಾನವೇ ಎಂಬುದನ್ನು ಮರೆಯಬಾರದು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಹಲ್ಲನ್ನು ಮೊದಲಿನಂತೆ ಹಿಡಿದುಕೊಂಡ ಮೂಳೆ ಎಂದು ಹೇಳಲೂ ಆಗದು. ಅದನ್ನು ಖಚಿತಪಡಿಸಲು ಆ ಭಾಗವನ್ನೇ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಉಳಿಸಿಕೊಂಡ ಹಲ್ಲಿಗೆ ಹಾಗೆ ಮಾಡುವವರು ಯಾರು?

2018ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 38 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿತು. ಚಿಕಿತ್ಸೆಗಳು ನಿಜವಾಗಿ ಕೆಲಸ ಮಾಡುತ್ತವೆಯೇ ಎಂದು ಪ್ರಯೋಗಗಳನ್ನು ಸೋಸಿ ಹೇಳುವ ಸಂಸ್ಥೆ ಅದು. ಒಸಡು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆಗೆ, ಅಥವಾ ಅದರ ಜೊತೆ ಮೂಳೆಪುಡಿ ತುಂಬುವಾಗ, ರಕ್ತದ ಹೆಪ್ಪು ಸೇರಿಸಿದರೆ ಅನುಕೂಲವಾಗಬಹುದು. ಆದರೆ ಸಾಕ್ಷ್ಯದ ಗುಣಮಟ್ಟ ತೀರಾ ಕಡಿಮೆ ಎಂದಿತು. ಮೂಳೆ ಬೆಳೆಸಲೆಂದೇ ಇರುವ ಬೇರೆ ಪೊರೆ ಅಥವಾ ಜೆಲ್ ಹಾಕುತ್ತಿದ್ದರೆ ಅದರ ಮೇಲೆ ಹೆಪ್ಪನ್ನೂ ಇಡುವುದರಿಂದ ಹೆಚ್ಚಿನ ಲಾಭ ಕಂಡಿಲ್ಲ ಎಂದೂ ಹೇಳಿತು. ಬಿಲ್ಲಿನಲ್ಲಿ ಎಲ್ಲವೂ ಒಟ್ಟಿಗೆ ಇದ್ದರೆ ‘ಎಲ್ಲವೂ ಬೇಕೇ’ ಎಂದು ಕೇಳಲು ಇದು ಸಾಕಷ್ಟು ಕಾರಣ.

ಬುದ್ಧಿಹಲ್ಲು ಕೀಳಿಸಿದ ಗುಳಿಯಲ್ಲಿ ಪಿಆರ್‌ಎಫ್ ಇಟ್ಟರೆ ನೋವು ಮತ್ತು ನಾವು ಮೇಲೆ ಹೇಳಿದ ಡ್ರೈ ಸಾಕೆಟ್ ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಇಳಿದ ಒಸಡನ್ನು ಮೇಲೆ ತರಲೂ ಬಳಸುತ್ತಾರೆ, ಆದರೆ ಅಲ್ಲಿ ಅಂಗುಳಿನಿಂದ ಚರ್ಮದಂಥ ಪದರ ತೆಗೆದು ಹಾಕುವ ಹಳೆಯ ಕಸಿಯೇ ಇಂದಿಗೂ ಮೇಲು.

ಇದರ ಒಂದು ಗುಣವನ್ನು ನಮ್ಮ ಓದುಗರಲ್ಲಿ ಹಲವರು ಮೆಚ್ಚಬಹುದು. ಮಾರುಕಟ್ಟೆಯಲ್ಲಿ ಸಿಗುವ ಮೂಳೆಪುಡಿ, ಪೊರೆಗಳಲ್ಲಿ ಕೆಲವು ದನದ ಮೂಳೆಯಿಂದ, ಹಂದಿಯ ಚರ್ಮದಿಂದ ಮಾಡಿದವು. ಬೇಡ ಎನ್ನುವವರು ಮೊದಲೇ ಕೇಳಿ ತಿಳಿದುಕೊಳ್ಳಬೇಕು, ಕೃತಕ ಮೂಳೆಪುಡಿಯೂ ಸಿಗುತ್ತದೆ. ಪಿಆರ್‌ಎಫ್‌ನಲ್ಲಿ ಇರುವುದು ನಿಮ್ಮದೇ ರಕ್ತ ಮಾತ್ರ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಇದು ನಾವು ಅತಿ ಹೆಚ್ಚು ಕೇಳುವ ಮಾತು. ಹಲ್ಲು ಅಲ್ಲಾಡುವ ಹಂತ ಮುಟ್ಟುವವರೆಗೆ ಜನ ಡಾಕ್ಟರ ಹತ್ತಿರ ಹೋಗದಿರಲು ಈ ನಂಬಿಕೆಯೂ ಒಂದು ಕಾರಣ. ಕಲ್ಲುಗಟ್ಟಿದ ಕೊಳೆ ಸಡಿಲವಾದ ಹಲ್ಲುಗಳ ನಡುವೆ ಗಾರೆಯ ಹಾಗೆ ಕೂತಿರುತ್ತದೆ. ಅದನ್ನು ತೆಗೆದ ದಿನ ಹಲ್ಲುಗಳ ಮಧ್ಯೆ ಸಂದು ಕಾಣುತ್ತದೆ, ಜುಮ್ ಎನ್ನುತ್ತದೆ, ಹಲ್ಲು ಸಡಿಲವಾಯಿತು ಎನಿಸುತ್ತದೆ. ಮೂಳೆ ಕರಗಿದ್ದು ಅದೇ ಕೊಳೆಯಿಂದ, ವರ್ಷಗಟ್ಟಲೆ ಮೊದಲೇ. ಅದು ಕಣ್ಣಿಗೆ ಬಿದ್ದದ್ದು ಮಾತ್ರ ಅಂದು. ಬೆಂಗಳೂರಿನ ಪ್ರಯೋಗದಲ್ಲಿ ಮೂರು ಮಿಲಿಮೀಟರ್ ಸಂದಿ ಇಳಿಸಿದ್ದೂ ಇಂಥ ಶುಚಿಯೇ, ಒಸಡು ಬಿಡಿಸಿ ಆಳದವರೆಗೆ ಮಾಡಿದ್ದು.

ರಕ್ತ ತೆಗೆಯುವ ಮಾತಿಗಿಂತ ಮೊದಲು ಈ ಕೆಲಸ ಆಗಲೇಬೇಕು. ಆಳದವರೆಗೆ ಕ್ಲೀನ್ ಮಾಡಿಸಿ, ಒಂದೂವರೆ ಎರಡು ತಿಂಗಳು ಬಿಟ್ಟು ಮತ್ತೆ ಸಂದಿ ಅಳೆಯಬೇಕು. ಎಷ್ಟೋ ಹಲ್ಲುಗಳಿಗೆ ಅಷ್ಟೇ ಸಾಕಾಗಿರುತ್ತದೆ. ಮೊದಲ ಭೇಟಿಯಲ್ಲೇ, ಕ್ಲೀನ್ ಮಾಡದೆಯೇ, ‘ನಾಳೆ ಪಿಆರ್‌ಎಫ್ ಹಾಕೋಣ’ ಎಂದವರಿದ್ದರೆ ಇನ್ನೊಬ್ಬ ಡಾಕ್ಟರರನ್ನು ಕೇಳಿ ಎಂದೇ ನಮ್ಮ ಸಲಹೆ.

ಇನ್ನೊಂದು ಸಂಗತಿ ಹೇಳದೆ ಇರಲಾಗದು. ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ತಂಬಾಕು ಬಳಸುವವರನ್ನು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಶೇ 55 ಎಂಬ ಲೆಕ್ಕ ಅವರದ್ದಲ್ಲ. ಬೀಡಿ, ಹೊಗೆಸೊಪ್ಪು, ಕಡ್ಡಿಪುಡಿ ಒಸಡಿನ ರಕ್ತಸಂಚಾರ ಕುಗ್ಗಿಸುತ್ತವೆ, ಗಾಯ ಮಾಯುವುದನ್ನು ನಿಧಾನ ಮಾಡುತ್ತವೆ. ಕೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಪಕ್ಕದ ಹಲ್ಲಿಗೆ ಪಿಆರ್‌ಎಫ್ ಹಾಕಿಸಿದರೆ ಒಡೆದ ಬದುವಿಗೆ ಗೊಬ್ಬರ ಸುರಿದ ಹಾಗೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಹೇಳಲು ಕಷ್ಟದ ಮಾತಾದರೂ, ತಂಬಾಕಿಲ್ಲದ ಬರೀ ಎಲೆಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ. ಸಕ್ಕರೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಹತೋಟಿಗೆ ತಂದುಕೊಂಡು ಹೋಗುವುದು ಲೇಸು.

ರಕ್ತ ತೆಳುವಾಗಲು ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಹೆಪ್ಪು ಸರಿಯಾಗಿ ಕಟ್ಟದೇ ಇರಬಹುದು. ಹಾಗೆಂದು ಹೃದಯದ ಡಾಕ್ಟರರನ್ನು ಕೇಳದೆ ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಹಲ್ಲು ಉಳಿಸಲು ಹೋಗಿ ಹೃದಯಕ್ಕೆ ಕುತ್ತು ತಂದುಕೊಂಡಂತಾಗುತ್ತದೆ. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವ ಹೆಂಗಸರೂ ಅದನ್ನು ಮುಚ್ಚಿಡಬಾರದು.

ಹಿರೇನಲ್ಲೂರಿನವರು ಎಲ್ಲಿಗೆ ಹೋಗುವುದು ಎಂಬುದಕ್ಕೂ ಒಂದು ಮಾತು. ದಾವಣಗೆರೆ, ಶಿವಮೊಗ್ಗ, ಹಾಸನ ಮೂರೂ ಊರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬೀರೂರು ಜಂಕ್ಷನ್‌ನಿಂದ ದಾವಣಗೆರೆಗೂ ಶಿವಮೊಗ್ಗಕ್ಕೂ ರೈಲಿದೆ, ಬೆಂಗಳೂರಿಗಂತೂ ಇದ್ದೇ ಇದೆ. ಕಾಲೇಜಿನಲ್ಲಿ ಒಸಡಿನ ವಿಭಾಗ, ಪೆರಿಯೊಡಾಂಟಿಕ್ಸ್, ಎಲ್ಲಿದೆ ಎಂದು ಕೇಳಿ. ನಮ್ಮ ಗುಂಡಿಗೆ ಮೂರು ಕಡೆ ದಂಡೆ ಇದೆಯೇ, ಆಳದವರೆಗೆ ಕ್ಲೀನ್ ಮಾಡಿದ ಮೇಲೆ ಸಂದಿ ಎಷ್ಟು ಉಳಿದಿದೆ, ಈ ಹಲ್ಲು ಇನ್ನೂ ಎಷ್ಟು ವರ್ಷ ನಿಲ್ಲಬಹುದು ಎಂದು ನೇರವಾಗಿ ಕೇಳಿ. ಮೂಳೆ ಪೂರಾ ಇಳಿದಿದ್ದು ಹಲ್ಲು ಮೇಲೆ ಕೆಳಗೆ ಅಲ್ಲಾಡುತ್ತಿದ್ದರೆ ಕೀಳಿಸುವುದೇ ಸರಿಯಾದ ಚಿಕಿತ್ಸೆ. ಕೀಳಿಸಿದರೆ ಕಣ್ಣಿನ ದೃಷ್ಟಿಗೆ ಏನೂ ಆಗುವುದಿಲ್ಲ, ಆ ಭಯ ಬೇಡ. ಹೋಗುವಾಗ ಹಳೆಯ ಎಕ್ಸ್‌ರೇ ಮತ್ತು ತಂದೆಯವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ.